ಉಗುರುಬೆಚ್ಚಗೆ

ಬಳ್ಳಾರಿಯಲ್ಲಿ ಎರಡೇ ಕಾಲ:
ಬೇಸಿಗೆ, ಕಡುಬೇಸಿಗೆ.
ಕುವೈತಿಗೆ ಹೊರಟಾಗಲೂ ಎಲ್ಲರ ಬಾಯಲ್ಲಿ
ಬಿಸಿಲಿನದೇ ಮಾತು. ಮರಳು, ಬೆವರು, ಛತ್ರಿ.
ಜನವರಿಯ ಮಂಗಫ್ ಬಗ್ಗೆ
ಒಬ್ಬರೂ ತುಟಿ ಬಿಚ್ಚಲಿಲ್ಲ.

ಬೆಳಗಿನ ಏಳೂವರೆ. ಉತ್ತರದ ಗಾಳಿ
ಇರಾಕಿನ ಬಯಲಿಂದ ತಡೆಯಿಲ್ಲದೆ ಬಂದು
ನಾಲ್ಕನೇ ಬ್ಲಾಕಿನ ಕಟ್ಟಡಗಳ ನಡುವೆ
ಸಂದಿ ಸಿಕ್ಕಲ್ಲೆಲ್ಲ ಶಿಳ್ಳೆ ಹಾಕುತ್ತದೆ.
ರೂತಳಿಗೆ ಟೊಪ್ಪಿಗೆ, ಅದರ ಮೇಲೊಂದು ಟೊಪ್ಪಿಗೆ,
ಎರಡು ಸ್ವೆಟರು, ಕಂಬಳಿ, ಕಂಬಳಿಯ ಮೇಲೆ ನನ್ನ ಮಫ್ಲರು;
ಕಾಣುವುದು ಮೂಗಿನ ತುದಿಯಷ್ಟೆ.
ತಳ್ಳುವವನದು ಬರಿಗೈ.

ಶುಕ್ರವಾರದ ಸಂತೆಯಲ್ಲಿ ಏಳು ದಿನಾರಿಗೆ ಕೊಂಡ ಗಾಡಿ.
ಹಿಡಿಕೆಯ ಸ್ಪಂಜು ಎರಡು ಕಡೆ ಸವೆದು
ಕಬ್ಬಿಣ ಹೊರಬಿದ್ದಿದೆ, ಸರಿಯಾಗಿ ಎರಡು ಅಂಗೈ ಅಗಲ.
ನನಗಿಂತ ಮುಂಚೆ ಯಾರೋ
ಇದನ್ನು ತುಂಬ ಬಿಗಿಯಾಗಿ ಹಿಡಿದಿದ್ದಾರೆ.
ಮುಂದಿನ ಎಡಚಕ್ರಕ್ಕೆ ಸದಾ ಸಮುದ್ರದ ಸೆಳೆತ;
ಒಂದು ಕೈ ಜೇಬಿಗಿಟ್ಟರೆ ಸಾಕು,
ಗಾಡಿ ದಾರಿ ಬಿಟ್ಟು ಹೊರಡುತ್ತದೆ.

ಸಿಗ್ನಲ್ಲಿನಲ್ಲಿ ಕೈಗಳನ್ನು ಕಂಕುಳಲ್ಲಿ ಅಡಗಿಸುತ್ತೇನೆ.
ಹಸಿರು ಬರುವಷ್ಟರಲ್ಲಿ ಬೆರಳು ನನ್ನವಾಗುತ್ತವೆ,
ರಸ್ತೆ ದಾಟುವಷ್ಟರಲ್ಲಿ ಮತ್ತೆ ಯಾರವೋ.
ಉಗುರಿನ ಬುಡ ನೀಲಿ.
ಜೀನ್ಸ್ ತೊಳೆಯುವ ಶೆಡ್ಡಿನಲ್ಲಿ ಆರು ವರ್ಷ
ಇದೇ ನೀಲಿ ಇತ್ತು, ಯಾವ ಸೋಪಿಗೂ ಬಗ್ಗದ್ದು;
ಮದುವೆಯ ಫೋಟೋದಲ್ಲೂ ಇದೆ.

ರಾತ್ರಿಪಾಳಿ ಮುಗಿಸಿ ಬಂದು, ಮಲಗುವ ಮುಂಚೆ
ದಯಾಮಣಿ ದಿನಾ ಹೇಳುತ್ತಾಳೆ, ವಾರ್ಡಿನ ದನಿಯಲ್ಲೇ:
“ಕೈಕಾಲು ಮುಟ್ಟಿ ನೋಡಬ್ಯಾಡ, ಹಿಂಗತ್ತು ಮುಟ್ಟು.
ಮೊದಲು ನಿನ್ನ ಕೈ ಬೆಚ್ಚಗ ಮಾಡ್ಕೋ.
ತಣ್ಣನ ಕೈಗೆ ಎಲ್ಲಾನೂ ಬಿಸೀನ ಅನಸ್ತೈತೆ.”

ಹೌದು. ಮೊದಲ ವಾರ ಹಾಗೇ ಮೋಸಹೋದೆ.
ಸೆಡೆತ ಬೆರಳನ್ನು ಕತ್ತಿಗೆ ತಾಗಿಸಿ
ಬೆಚ್ಚಗಿದ್ದಾಳೆ ಎಂದುಕೊಂಡು ಇನ್ನರ್ಧ ಗಂಟೆ ಸುತ್ತಿಸಿದೆ.
ರಾತ್ರಿ ಮೂಗು ಕಟ್ಟಿತು. ದಯಾಮಣಿ ಬೈಯಲಿಲ್ಲ,
ಥರ್ಮಾಮೀಟರನ್ನು ಮೂರು ಸಲ ಇಟ್ಟು ನೋಡಿದಳು.

ಅಂದಿನಿಂದ ಮೊದಲು ಹೋಗುವುದು ಇರಾನಿ ರೊಟ್ಟಿಯಂಗಡಿಗೆ.
ಗೂಡಿನಷ್ಟು ಕಿಟಕಿ, ಒಳಗೆ ತಂದೂರಿನ ಕೆಂಪು.
ನೂರು ಫಿಲ್ಸಿಗೆ ಐದು ರೊಟ್ಟಿ;
ಕಾಗದ ಸುತ್ತಿಸಿ, ಹಿಡಿಕೆಯ ಮೇಲೆ ತಡಿಯಂತೆ ಹೊದಿಸಿ
ಅಡಿಯಲ್ಲಿ ಕೈ ತೂರಿಸುತ್ತೇನೆ.
ಸಖಿದಾದ್ ಮೊದಲ ದಿನ ನಕ್ಕ.
ಎರಡನೆಯ ದಿನ ಕಟ್ಟೆಯ ಮೇಲಿದ್ದದ್ದನ್ನು ಸರಿಸಿ
ಒಲೆಯಿಂದಲೇ ಕಿತ್ತು ಕೊಟ್ಟ.

ಮೂರು ಬೀದಿ ಬಿಸಿ.
ಆಮೇಲೆ ಎರಡು ಬೀದಿ ಉಗುರುಬೆಚ್ಚಗೆ.
(ಈ ಮಾತು ಕಟ್ಟಿದವರು
ಚಳಿಯಲ್ಲಿ ಏನನ್ನೋ ತಳ್ಳಿದವರೇ ಇರಬೇಕು.)
ಅಷ್ಟರೊಳಗೆ ಹಿಂಗತ್ತಿನ ಪರೀಕ್ಷೆ ಮುಗಿಯಬೇಕು.

ಮನೆ ಸೇರುವಾಗ ರೊಟ್ಟಿ ಚಪ್ಪಲಿಯ ಅಟ್ಟೆ.
ದಯಾಮಣಿ ಮಧ್ಯಾಹ್ನ ಎದ್ದು ಚಹಾದಲ್ಲಿ ಅದ್ದುತ್ತಾಳೆ.
“ಬಿಸಿಯೆಲ್ಲಾ ನೀನ ತಿಂದು ಸಿಪ್ಪಿ ನನಗ ತಂದಿ.”

ಸಂಜೆ ಫಹಾಹೀಲಿನ ಅಂಗಡಿಯಲ್ಲಿ ನನ್ನ ಕೆಲಸ
ಉದ್ದವನ್ನು ಗಿಡ್ಡ ಮಾಡುವುದು.
ಚಳಿಗಾಲದ ಉಣ್ಣೆಯ ದಿಶ್‌ದಾಶಾ, ಬೂದಿ, ಕಂದು, ಕಪ್ಪು;
ಕತ್ತರಿಸಿದ ಅಂಚುಗಳು ಮೆಷಿನ್ನಿನ ಕೆಳಗೆ
ಬೆಕ್ಕಿನಂತೆ ಸುರುಳಿ ಸುತ್ತಿ ಬಿದ್ದಿರುತ್ತವೆ.
ಅವುಗಳ ಮೇಲೆ ಪಾದವಿಟ್ಟು ಬೆಚ್ಚಗೆ ಕೂತೇ
ಮೂರು ವಾರ ಕಳೆದಿದ್ದೇನೆ, ಹೊಳೆದಿರಲಿಲ್ಲ.

ಈಗ ಹಿಡಿಕೆಗೊಂದು ತೋಳಿದೆ:
ಹೊರಗೆ ಎಂಟು ಅಪರಿಚಿತರ ಅಂಚು,
ಒಳಗೆ ರೂತಳಿಗೆ ಚಿಕ್ಕದಾದ ಫ್ಲಾನೆಲ್ಲು, ಎರಡೂ ಕಡೆ ಬಾಯಿ.
ರೊಟ್ಟಿ ತರುವುದು ಬಿಟ್ಟಿಲ್ಲ. ಟವೆಲ್ಲಿನಲ್ಲಿ ಸುತ್ತಿ
ಗಾಡಿಯ ಕೆಳಗಿನ ಬುಟ್ಟಿಯಲ್ಲಿಡುತ್ತೇನೆ.

“ಇವತ್ತು ರೊಟ್ಟಿ ಬಿಸಿ ಐತಲ್ಲ,” ಎಂದಳು ದಯಾಮಣಿ,
ಅನುಮಾನದಿಂದ. ತುಂಡನ್ನು ತಟ್ಟೆಗಿಟ್ಟು
ಬೆರಳ ಹಿಂಬದಿಯನ್ನು ನನ್ನ ಹಿಂಗತ್ತಿಗೆ ಒತ್ತಿ
ಎಣಿಸುವಷ್ಟು ಹೊತ್ತು ಹಾಗೇ ಹಿಡಿದಳು.
ಏನೂ ಹೇಳಲಿಲ್ಲ. ಇನ್ನೊಂದು ರೊಟ್ಟಿ ಮುರಿದಳು.

ಏಪ್ರಿಲ್ ಬರಲಿ, ಇದೇ ಕಬ್ಬಿಣ ಕಾದು ಸುಡುತ್ತದೆ.
ತೋಳನ್ನು ಬಿಚ್ಚುವ ಹಾಗಿಲ್ಲ.